ಮಾದೇಶಣ್ಣನ ನಾಲ್ಕು ಗೇರಿನ ಆಟೊಮ್ಯಾಟಿಕ್

1997ರ ಜೂನ್ 12, ಗುರುವಾರ, ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಸೇಲಂನ ಹೊರವಲಯದಲ್ಲಿದ್ದ ನಮ್ಮ ವರ್ಕ್‌ಶಾಪಿನ ಗೇಟಿನೊಳಗೆ ಒಂದು ಬಿಳಿಯ ಚಿಕ್ಕ ಕಾರು ಬಂತು. ಎಂಜಿನ್ ಗಂಟೆಗೆ ನೂರು ಕಿಲೋಮೀಟರ್ ಓಡುವಂತೆ ಕಿರುಚುತ್ತಿತ್ತು. ಕಾರು ಮಾತ್ರ ಮನುಷ್ಯರ ನಡಿಗೆಯ ವೇಗದಲ್ಲಿ ತೆವಳುತ್ತಿತ್ತು. ಹೊಗೆ ಇರಲಿಲ್ಲ. ಆದರೆ ಸುಟ್ಟ ಎಣ್ಣೆಯ ವಾಸನೆ ಕಾರಿಗಿಂತ ಮೊದಲೇ ಶೆಡ್ಡಿನೊಳಗೆ ಬಂದಿತ್ತು.

ನಾನು ಆಗ ಅಲ್ಲಿ ಸರ್ವಿಸ್ ಎಂಜಿನಿಯರ್. ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು, ವಯಸ್ಸು ಇಪ್ಪತ್ನಾಲ್ಕು. ನಮ್ಮ ಊರು ನಲ್ಲಂಪಳ್ಳಿಯ ಹತ್ತಿರ. ಮನೆಮಾತು ಕನ್ನಡ, ಡಿಪ್ಲೊಮಾವರೆಗೆ ಓದಿದ್ದೆಲ್ಲ ತಮಿಳು ಮತ್ತು ಇಂಗ್ಲಿಷ್. ಕನ್ನಡ ಅಕ್ಷರ ಕಲಿತದ್ದು ಚಿಕ್ಕಂದಿನಲ್ಲಿ ಹೊಸೂರಿನ ಅತ್ತೆಯ ಮನೆಯಲ್ಲಿದ್ದಾಗ. ನಮ್ಮ ದೇಶದ ಚಿಕ್ಕ ಕಾರುಗಳಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಗಷ್ಟೇ ಕಾಣಿಸಿಕೊಳ್ಳುತ್ತಿತ್ತು. ಅದರ ಬಗ್ಗೆ ಒಂದು ವಾರದ ತರಬೇತಿಗೆ ನನ್ನನ್ನು ಚೆನ್ನೈಗೆ ಕಳಿಸಿದ್ದರು. ಒಂದೇ ವಾರದ ಆ ತರಬೇತಿಯ ದೆಸೆಯಿಂದ ಸೇಲಂ, ಧರ್ಮಪುರಿ ಎರಡೂ ಜಿಲ್ಲೆಗಳಲ್ಲಿ ಕ್ಲಚ್ ಪೆಡಲ್ ಇಲ್ಲದ ಯಾವ ಕಾರು ಕೆಟ್ಟರೂ ನನ್ನ ಕಡೆ ಬೆರಳು ತೋರಿಸುವುದು ರೂಢಿಯಾಗಿತ್ತು.

ಕಾರು ನಿಂತಿತು. ಓಡಿಸುತ್ತಿದ್ದವನು ಮೊದಲು ಬಲಗಾಲು ಹೊರಗಿಟ್ಟ. ಆಮೇಲೆ ಎರಡೂ ಕೈಗಳಿಂದ ಎಡ ತೊಡೆಯನ್ನು ಎತ್ತಿ, ಒಂದು ಸಾಮಾನು ಇಳಿಸುವ ಹಾಗೆ ಎಡಗಾಲನ್ನು ಕೆಳಗಿಟ್ಟ. ಮೊಣಕಾಲಿನಿಂದ ಕೆಳಗೆ ಅದು ಕೃತಕ ಕಾಲು.

ನಮ್ಮ ಮೇಸ್ತ್ರಿ ಆರುಮುಗಂ ಸೇಲಂನ ನೇಕಾರ ಮನೆತನದವರು. ಮನೆಯಲ್ಲಿ ಕನ್ನಡ, ಹೊರಗೆ ತಮಿಳು, ಸಿಟ್ಟು ಬಂದಾಗ ಎರಡೂ. ಅವರು ಕಾರಿನೊಳಗೆ ಬಗ್ಗಿ ನೋಡಿದರು.

"ಎತ್ತನೆ ಗೇರಪ್ಪಾ ಇದಕ್ಕೆ?"

"ನಾಲ್ಕು ಐತೆ ಮೇಸ್ತ್ರಿ."

"ನಾಲ್ಕಿದ್ದು ಏನು ಬಂತು? ಒಂದೂ ನಿನ್ನ ಕೈಗೆ ಸಿಗಲ್ವಲ್ಲ!"

"ಕೈಗೆ ಸಿಕ್ಕಿದ್ರೆ ಕಾಲು ಕೇಳ್ತಿತ್ತು. ನಂತಾವ ಒಂದೇ ಐತೆ," ಎಂದು ಅವನು ನಕ್ಕ.

ಹೆಸರು ಮಾದೇಶ. ಪೆಣ್ಣಾಗರಂ ಕಡೆಯ ಕನ್ನಡದವನು, ನನಗಿಂತ ಹದಿನೇಳು ವರ್ಷ ದೊಡ್ಡವನು. ಎರಡನೆಯ ಮಾತಿಗೇ ನಾನು ಅವನನ್ನು ಮಾದೇಶಣ್ಣ ಎಂದೆ. ಅವನು ನನ್ನನ್ನು ಕೆಲವು ದಿನ ಸಾರ್ ಎಂದು, ಆಮೇಲೆ ತಂಬಿ, ಅಂದರೆ ತಮ್ಮ, ಎಂದ.

ಅವನ ಕಥೆಯನ್ನು ಇಲ್ಲೇ ಹೇಳಿಬಿಡಬೇಕು. ಹದಿನಾರು ವರ್ಷ ಲಾರಿ ಓಡಿಸಿದವನು. 1992ರಲ್ಲಿ ತೊಪ್ಪೂರು ಘಾಟಿಯಲ್ಲಿ ಲಾರಿ ಕೆಟ್ಟು ನಿಂತಾಗ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಇಳಿದಿದ್ದ. ಮೇಲಿನಿಂದ ಬಂದ ಇನ್ನೊಂದು ಲಾರಿ ಅವನ ಎಡಗಾಲನ್ನು ತೆಗೆದುಕೊಂಡಿತು. ಮೂರು ವರ್ಷ ಮನೆಯಲ್ಲಿ ಕುಳಿತಿದ್ದ. ಅವನ ಅಕ್ಕನ ಗಂಡ ಚಿನ್ನಪ್ಪ ಅವರಿಗೆ ಹೊಗೆನಕಲ್‌ನಲ್ಲಿ ಹತ್ತು ಕೋಣೆಗಳ ಲಾಡ್ಜ್ ಇದೆ. ಚಿನ್ನಪ್ಪ ಅವರ ಅಳಿಯ ಸಿಂಗಾಪುರದ ಕೆಲಸ ಬಿಟ್ಟು ಬರುವಾಗ ತನ್ನ ಹಳೆಯ ಜಪಾನಿ ಕಾರನ್ನೂ ತಂದಿದ್ದ. ಅದರಲ್ಲಿ ಕ್ಲಚ್ ಪೆಡಲ್ ಇರಲಿಲ್ಲ. ಲಾಡ್ಜಿಗೆ ಬರುವವರನ್ನು ಸೇಲಂ ರೈಲು ನಿಲ್ದಾಣದಿಂದ, ಧರ್ಮಪುರಿ ಬಸ್ ನಿಲ್ದಾಣದಿಂದ ಕರೆತರುವ ಕೆಲಸಕ್ಕೆ ಕಾರನ್ನು ಹಾಕಿ, ಭಾವಮೈದುನನನ್ನು ಸ್ಟಿಯರಿಂಗ್ ಮುಂದೆ ಕೂರಿಸಿದರು. ಸಾರಿಗೆ ಕಚೇರಿಯವರು ಅವನನ್ನು ಪರೀಕ್ಷೆ ಮಾಡಿ ಲೈಸೆನ್ಸ್ ಕೊಟ್ಟರು. ಆದರೆ ಆ ಲೈಸೆನ್ಸಿನಲ್ಲಿ ಆ ಒಂದು ಕಾರಿನ ನಂಬರು ಮಾತ್ರ ಇತ್ತು. ಬೇರೆ ಯಾವ ವಾಹನವನ್ನೂ ಅವನು ಓಡಿಸುವಂತಿರಲಿಲ್ಲ. ಈ ಕಾರು ಕ್ಲಚ್ ಇಲ್ಲದೆ ಓಡುವಷ್ಟು ದಿನ ಅವನು ಡ್ರೈವರ್. ಅದು ನಿಂತ ದಿನ ಮತ್ತೆ ಮನೆಯ ಜಗಲಿ.

ನಾಲ್ಕು ಗೇರ್ ಯಾಕೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಆಗ ನಾವು ನೋಡುತ್ತಿದ್ದ ಚಿಕ್ಕ ಆಟೊಮ್ಯಾಟಿಕ್ ಕಾರುಗಳಲ್ಲಿ ಮೂರೇ ಗೇರ್. ಚಿಕ್ಕ ಎಂಜಿನ್ನಿಗೆ ಮೂರು ಗೇರ್ ಎಂದರೆ ಮೂರೇ ಮೆಟ್ಟಿಲಿನಲ್ಲಿ ಮಾಳಿಗೆ ಹತ್ತಿದ ಹಾಗೆ: ಪ್ರತಿ ಮೆಟ್ಟಿಲೂ ಎತ್ತರ, ಏದುಸಿರು ಜಾಸ್ತಿ. ಹೆದ್ದಾರಿಯಲ್ಲಿ ಎಪ್ಪತ್ತು ದಾಟಿದರೆ ಎಂಜಿನ್ ಗೋಳಾಡುತ್ತದೆ, ಪೆಟ್ರೋಲ್ ಕುಡಿಯುತ್ತದೆ. ನಾಲ್ಕನೆಯ ಗೇರ್, ಅಂದರೆ ಓವರ್‌ಡ್ರೈವ್, ಇದ್ದರೆ ಕಾರು ಅದೇ ವೇಗದಲ್ಲಿ ಹೋಗುತ್ತಿದ್ದರೂ ಎಂಜಿನ್ ನಿಧಾನವಾಗಿ ತಿರುಗುತ್ತದೆ. ಆದರೆ ಒಂದು ಗೇರ್ ಹೆಚ್ಚಾದರೆ ಪೆಟ್ಟಿಗೆಯೊಳಗೆ ಹಲ್ಲುಚಕ್ರ, ಕಾಲಿನ ಬದಲು ಎಣ್ಣೆಯೇ ಒತ್ತುವ ಕ್ಲಚ್ ಪ್ಲೇಟು, ಎಣ್ಣೆಯ ದಾರಿಗಳೂ ಹೆಚ್ಚುತ್ತವೆ. ಇವೆಲ್ಲ ಬದುಕಿರುವುದು ಎಣ್ಣೆಯಿಂದ. ಈ ಎಣ್ಣೆಯೇ ಗೇರ್ ಹಾಕುವ ಕೈ, ಹಲ್ಲುಗಳನ್ನು ತಂಪಾಗಿಡುವ ನೀರು, ಎರಡೂ.

ಮಾದೇಶಣ್ಣನ ಕಾರಿನ ಎಣ್ಣೆ ಕೆಂಪಗಿರಬೇಕಿತ್ತು; ಡಿಕಾಕ್ಷನ್ ಹಾಗೆ ಕಪ್ಪಾಗಿತ್ತು. ಪೆಟ್ಟಿಗೆ ಬಿಚ್ಚಿದೆವು. ಮುಂದಕ್ಕೆ ಓಡಿಸುವ ಕ್ಲಚ್ಚಿನ ಪ್ಲೇಟುಗಳ ಮೇಲಿನ ಪದರ ಪೂರ್ತಿ ಎದ್ದುಹೋಗಿ ಬರಿಯ ಉಕ್ಕು ಕಾಣುತ್ತಿತ್ತು. ಒಳಗಿನ ಒಂದು ಬುಷ್, ಅಂದರೆ ತಿರುಗುವ ದಂಡವನ್ನು ಹಿಡಿದಿಡುವ ಲೋಹದ ಬಳೆ, ಬಿಸಿಗೆ ನೀಲಿ ಬಣ್ಣಕ್ಕೆ ತಿರುಗಿತ್ತು. ಸಾಮಾನ್ಯವಾಗಿ ಓಡಿಸಿದ ಕಾರಿನಲ್ಲಿ ಇವೆರಡೂ ಒಟ್ಟಿಗೆ ಆಗುವುದಿಲ್ಲ. ಕಾರಣ ಗೊತ್ತಾಗಲಿಲ್ಲ. ಚೆನ್ನೈನ ಹಳೆ ಸಾಮಾನಿನ ಪೇಟೆಯಲ್ಲಿ ಪ್ಲೇಟುಗಳೂ ಬುಷ್ಷೂ ಸಿಕ್ಕವು, ಅದೃಷ್ಟ ಎನ್ನಬೇಕು. ಪೆಟ್ಟಿಗೆಯನ್ನು ಮತ್ತೆ ಜೋಡಿಸಿ, ಜುಲೈ 5ರ ಶನಿವಾರ ಟ್ರಯಲ್‌ಗೆ ಹೊರಟೆವು. "ನೀವೇ ಓಡಿಸಿ, ನಾನು ಪಕ್ಕದಲ್ಲಿ ಕೂತಿರ್ತೀನಿ. ನೀವು ದಿನಾ ಹೆಂಗೆ ಓಡಿಸ್ತೀರೋ ಹಂಗೇ," ಎಂದೆ.

ಧರ್ಮಪುರಿಯವರೆಗೆ ಏರಿ, ಅಲ್ಲಿಂದ ತಿರುಗಿ ಬಂದೆವು. ಅಷ್ಟು ಮೃದುವಾಗಿ ಓಡಿಸುವವರನ್ನು ನಾನು ಕಂಡಿರಲಿಲ್ಲ. ಬ್ರೇಕ್ ಹಾಕಿದ್ದು ಗೊತ್ತಾಗುತ್ತಿರಲಿಲ್ಲ, ವೇಗ ಮಾತ್ರ ಇಳಿದಿರುತ್ತಿತ್ತು. ತೊಪ್ಪೂರು ಘಾಟಿಯ ತಲೆಯಲ್ಲಿ ಮುನಿಯಪ್ಪನ ಚಿಕ್ಕ ಗುಡಿ ಇದೆ; ಲಾರಿಯವರು ಅಲ್ಲಿ ಒಂದು ಕ್ಷಣ ನಿಧಾನಿಸುತ್ತಾರೆ. ಮಾದೇಶಣ್ಣನೂ ನಿಧಾನಿಸಿ, ಬಲಗೈಯನ್ನು ಎದೆಗೆ ಮುಟ್ಟಿಸಿಕೊಂಡ. ಮರುಕ್ಷಣ ಗೇರ್ ಲಿವರನ್ನು ನ್ಯೂಟ್ರಲ್‌ಗೆ ತಳ್ಳಿ, ಕೀಯನ್ನು ತಿರುಗಿಸಿದ.

ಎಂಜಿನ್ ನಿಂತಿತು. ಗಾಳಿ ಮತ್ತು ಟೈರಿನ ಸದ್ದು ಮಾತ್ರ ಉಳಿಯಿತು.

"ಮಾದೇಶಣ್ಣ, ಎಂಜಿನ್ ಆಫ್ ಆಯ್ತು!"

"ಆಗ್ಲಿಲ್ಲ ಸಾರ್, ನಾನೇ ಆಫ್ ಮಾಡ್ದೆ. ಕೆಳಗಡೆ ಇಳಿಯೋಗಂಟ ಸುಮ್ನೆ ಯಾಕೆ ಉರಿಸ್ಬೇಕು? ವಂಡಿ ತಾನಾಗೇ ಓಗ್ತಾ ಐತಲ್ಲ."

ಮುಳ್ಳು ಅರವತ್ತು ದಾಟಿತ್ತು. ನಾನು ಸೀಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಅವನು ತಿರುವುಗಳಲ್ಲಿ ಒಂದೊಂದು ಬಾರಿ ಬ್ರೇಕನ್ನು ಮುಟ್ಟಿ ಬಿಡುತ್ತ, ನನ್ನ ಕೈಗಳನ್ನು ನೋಡಿ ನಗುತ್ತಿದ್ದ. "ಬಯ ಬೀಳ್ಬ್ಯಾಡಿ ಸಾರ್. ಈ ಘಾಟಿ ನಂಗೆ ನಮ್ಮನೆ ಅಂಗಳ." ಇಳಿಜಾರು ಮುಗಿಯುವಲ್ಲಿ, ಇನ್ನೂ ಐವತ್ತರ ವೇಗದಲ್ಲಿರುವಾಗಲೇ ಕೀ ತಿರುಗಿಸಿ ಎಂಜಿನ್ ಎಬ್ಬಿಸಿ, ಲಿವರನ್ನು ಮುಂದಕ್ಕೆ ಓಡಿಸುವ ಡಿ ಎಂಬಲ್ಲಿಗೆ ಎಳೆದ. ನನ್ನ ಸೀಟಿನ ಅಡಿಯಲ್ಲಿ ಯಾರೋ ಸುತ್ತಿಗೆಯಿಂದ ಹೊಡೆದ ಹಾಗಾಯಿತು. ಸುಟ್ಟ ಪ್ಲೇಟು, ನೀಲಿ ಬುಷ್ ಎರಡರ ಕಾರಣವೂ ಆ ಒಂದು ಹೊಡೆತದಲ್ಲಿ ತಿಳಿಯಿತು.

ರಸ್ತೆ ಬದಿಯ ಟೀ ಅಂಗಡಿಯಲ್ಲಿ ಕಾರು ನಿಲ್ಲಿಸಿದೆವು. ನಾನು ಹೇಳಿದೆ: ಲಾರಿಯ ಗೇರ್‌ಬಾಕ್ಸ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಹಲ್ಲುಗಳು ತಿರುಗುವಾಗ ತಾವೇ ಎಣ್ಣೆ ಮೊಗೆದುಕೊಳ್ಳುತ್ತವೆ. ಇದರಲ್ಲಿ ಹಾಗಲ್ಲ. ಒಂದು ಪಂಪು ಎಣ್ಣೆಯನ್ನು ಎಲ್ಲ ಕಡೆಗೂ ತಳ್ಳಬೇಕು, ಆ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಲ್ಲಿಸಿದರೆ ಪಂಪೂ ನಿಂತಿತು. ಚಕ್ರ ಮಾತ್ರ ಒಳಗಿನದನ್ನೆಲ್ಲ ಒಣಗಿದ್ದಂತೆಯೇ ತಿರುಗಿಸುತ್ತಿರುತ್ತದೆ. ಆ ವೇಗದಲ್ಲೇ ಡಿಗೆ ಎಳೆದಾಗ ಪ್ಲೇಟುಗಳು ಒಮ್ಮೆಲೇ ಕಚ್ಚಿಕೊಂಡು ಸುಡುತ್ತವೆ.

ಅವನು ಟೀ ಲೋಟವನ್ನು ಕೆಳಗಿಟ್ಟ.

"ಅಂದ್ರೆ, ಊಡ್ಸೋ ತಾಯಿ ಮಲಗವ್ಳೆ, ಮಗು ಓಡ್ತಾ ಐತೆ."

"ಹೂಂ, ಹಂಗೇ."

"ಎಷ್ಟ್ ದಿವ್ಸ ಉಪಾಸ ಕೆಡವಿದೀನಿ ಪಾಪದ್ದನ್ನ!"

ಆ ದಾರಿಯ ಲಾರಿ ಡ್ರೈವರುಗಳಲ್ಲಿ ಇದು ಹಳೆಯ ಪದ್ಧತಿ. ಮುನಿಯಪ್ಪನ ಗುಡಿಯಿಂದ ಕೀ, ಅವರ ಮಾತಿನಲ್ಲಿ ಸಾವಿ, ಆಫ್; ಇಳಿಜಾರು ಮುಗಿಯುವಲ್ಲಿ ಆನ್. ಡೀಸೆಲ್ ಉಳಿಸಲೆಂದು ಶುರುವಾದದ್ದು ಈಗ ಡ್ರೈವರನ ಗಟ್ಟಿತನದ ಅಳತೆಯಾಗಿಬಿಟ್ಟಿದೆ. ಗುಡಿಯಿಂದ ಕೆಳಗಿನವರೆಗೆ ಎಂಜಿನ್ ಸದ್ದಿಲ್ಲದೆ ಇಳಿಸಿದವನು ಡ್ರೈವರ್, ನಡುವೆ ಸ್ಟಾರ್ಟ್ ಮಾಡಿದವನು ಕ್ಲೀನರ್ ಎಂದು ಗೇಲಿ ಮಾಡುತ್ತಾರೆ. ಇದೆಲ್ಲ ನನಗೂ ಗೊತ್ತಿತ್ತು. ಹಾಗಾಗಿಯೇ ಕೇಳಿದೆ:

"ನಿಮ್ಮ ಕಾಲು ತಗೊಂಡ ಲಾರೀನೂ ನ್ಯೂಟ್ರಲ್‌ನಲ್ಲಿ ತಾನೆ ಬಂದಿದ್ದು?"

"ಊಂ. ಸಾವಿ ಆಫ್ ಮಾಡ್ಕೊಂಡು ಬತ್ತಿದ್ದ. ಸದ್ದೇ ಇರ್ಲಿಲ್ಲ, ಅದ್ಕೇ ನಂಗೆ ಗೊತ್ತಾಗ್ಲಿಲ್ಲ."

"ಮತ್ತೆ ನೀವೂ ಅದನ್ನೇ ಮಾಡ್ತೀರಲ್ಲಣ್ಣ?"

"ಅವನಿಗೆ ಓಡ್ಸಾಕೆ ಬತ್ತಿರ್ಲಿಲ್ಲ ಸಾರ್," ಎಂದ ಶಾಂತವಾಗಿ. "ನಂಗೆ ಬತ್ತದೆ."

ಟೀ ಮುಗಿಸಿ ಮತ್ತೆ ಘಾಟಿ ಏರಿದೆವು. ಈ ಸಲ ಗುಡಿಯ ಹತ್ತಿರ ನಾನು ಲಿವರಿನ ಪಕ್ಕದ ಚಿಕ್ಕ ಗುಂಡಿಯನ್ನು ಒತ್ತಿಸಿದೆ. ಅದನ್ನು ಒತ್ತಿದರೆ ನಾಲ್ಕನೆಯ ಗೇರ್ ಬಿಟ್ಟುಹೋಗಿ ಕಾರು ಮೂರರಲ್ಲಿ ನಿಲ್ಲುತ್ತದೆ. ಕಡಿದಾದ ತಿರುವುಗಳಿಗೆ ಮುಂಚೆ ಲಿವರನ್ನು ಎರಡಕ್ಕೆ ಇಳಿಸಲು ಹೇಳಿದೆ. ಎಂಜಿನ್ ಗುರ್ರೆಂದು ಕಾರನ್ನು ಹಿಂದಕ್ಕೆ ಹಿಡಿದುಕೊಂಡಿತು. ಮಾದೇಶಣ್ಣ ಬ್ರೇಕಿನಿಂದ ಕಾಲು ತೆಗೆದ. ಅವನ ಮುಖ ಬದಲಾಯಿತು.

"ಲೇ! ಲಾರಿ ಸೆಕೆಂಡ್ ಗೇರ್ ತರಾನೇ ಇಡ್ಕಂತದೆ ಲೇ ಇದು!"

ನನ್ನನ್ನು ಲೇ ಎಂದದ್ದು ಅವನಿಗೇ ತಿಳಿದಿರಲಿಲ್ಲ. ಮೂರು ಸಲ ಏರಿ ಇಳಿದೆವು. ಎರಡನೆಯ ಸಲ ಗುಡಿಯ ಹತ್ತಿರ ಅವನ ಕೈ ತಾನಾಗಿಯೇ ಕೀಯತ್ತ ಹೋಯಿತು. ಎಡಗೈಯಿಂದ ಬಲಗೈಗೆ ಒಂದು ಏಟು ಕೊಟ್ಟುಕೊಂಡು ನಕ್ಕ.

ಅಲ್ಲಿಂದ ಏಳು ತಿಂಗಳು ಕಾರು ಚೆನ್ನಾಗಿ ಓಡಿತು. ಪ್ರತಿ ಐದು ಸಾವಿರ ಕಿಲೋಮೀಟರಿಗೆ ತೋರಿಸಲು ಬರುತ್ತಿದ್ದ. ನಾನು ಎಣ್ಣೆಕಡ್ಡಿಯನ್ನು ಬಿಳಿಯ ಬಟ್ಟೆಗೆ ಒರೆಸಿ ಬಣ್ಣ ನೋಡುತ್ತಿದ್ದೆ, ಅವನು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ. ಮೂರು ಸಲವೂ ಕೆಂಪಗೇ ಇತ್ತು. "ಕುಂಕುಮ ಇದ್ದಂಗೈತೆ ತಂಬಿ," ಎನ್ನುತ್ತಿದ್ದ. ಪೆಣ್ಣಾಗರಂನಿಂದ ಹೊಗೆನಕಲ್‌ಗೆ ಇಳಿಯುವ ಘಾಟಿಯಲ್ಲೂ ಎರಡನೆಯ ಗೇರಿನಲ್ಲೇ ಇಳಿಸುತ್ತೇನೆ, ಹಳೆಯ ಲಾರಿ ಸ್ನೇಹಿತರು ಹಾರ್ನ್ ಹೊಡೆದು ಕ್ಲೀನರ್ ಎಂದು ಕೂಗುತ್ತಾರೆ, ನಾನು ಕೈ ಬೀಸುತ್ತೇನೆ ಎಂದು ಹೇಳುತ್ತಿದ್ದ. ಹದಿನಾರು ವರ್ಷದ ಅಭ್ಯಾಸವನ್ನು ಒಬ್ಬ ಮನುಷ್ಯ ಪೂರ್ತಿಯಾಗಿ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

1998ರ ಫೆಬ್ರವರಿ 20, ಶುಕ್ರವಾರ, ಸಂಜೆ ನಾಲ್ಕಕ್ಕೆ ಟೊಮೆಟೊ ಖಾಲಿ ಮಾಡಿದ ಒಂದು ಟೆಂಪೊ ನಮ್ಮ ಗೇಟಿನ ಮುಂದೆ ನಿಂತಿತು. ಅದರ ಹಿಂದೆ ಹಗ್ಗಕ್ಕೆ ಕಟ್ಟಿದ ಬಿಳಿಯ ಕಾರು. ಸ್ಟಿಯರಿಂಗ್ ಮುಂದೆ ಇದ್ದವರು ಚಿನ್ನಪ್ಪ. ಟೆಂಪೊ ಗೇಟಿನೊಳಗೆ ಎಳೆಯಲು ನೋಡಿತು. ಗೇರ್ ಪೆಟ್ಟಿಗೆಗೆ ಜೋಡಿಸಿರುವ ಕಾರಿನ ಮುಂದಿನ ಚಕ್ರಗಳು ತಿರುಗಲಿಲ್ಲ, ಮಣ್ಣಿನಲ್ಲಿ ಗೆರೆ ಕೊರೆಯುತ್ತ ಜಾರಿದವು. ಹಗ್ಗ ಕಿತ್ತಿತು.

ಆಗಿದ್ದು ಇಷ್ಟು. ಕೃತಕ ಕಾಲು ಕಟ್ಟುವ ಜಾಗದಲ್ಲಿ ಹುಣ್ಣಾಗಿ ಮಾದೇಶಣ್ಣ ನಾಲ್ಕು ದಿನ ರಜೆಯಲ್ಲಿದ್ದ. ಕ್ಲಚ್ ಇಲ್ಲದ ಕಾರು ಯಾರಾದರೂ ಓಡಿಸಬಹುದು ಎಂದು ಚಿನ್ನಪ್ಪ ಅವರೇ ಹೊರಟಿದ್ದರು. ಪೆಣ್ಣಾಗರಂ ಹತ್ತಿರ ರೇಡಿಯೇಟರಿನ ರಬ್ಬರ್ ಪೈಪು ಒಡೆದು ನೀರೆಲ್ಲ ಚೆಲ್ಲಿತು. ತೀರಾ ಚಿಕ್ಕ ರಿಪೇರಿ ಅದು, ಯಾವ ಮೆಕ್ಯಾನಿಕ್ ಆದರೂ ಮಾಡಬಹುದಾಗಿತ್ತು. ಆದರೆ ಇದು ಫಾರಿನ್ ಕಾರು, ಸೇಲಂನ ತಂಬಿ ಬಿಟ್ಟು ಬೇರೆ ಯಾರೂ ಮುಟ್ಟಬಾರದು ಎಂದು ಮಾದೇಶಣ್ಣ ಎಲ್ಲರಿಗೂ ಹೇಳಿಟ್ಟಿದ್ದ. ಅದಕ್ಕೇ ಪರಿಚಯದ ಟೆಂಪೊದವನನ್ನು ಹಿಡಿದು, ಎಂಜಿನ್ ಆಫ್ ಮಾಡಿ, ಲಿವರನ್ನು ನ್ಯೂಟ್ರಲ್‌ಗೆ ಹಾಕಿ, ತೊಂಬತ್ತು ಕಿಲೋಮೀಟರಿಗೂ ಹೆಚ್ಚು ದೂರ ಹಗ್ಗದಲ್ಲಿ ಎಳೆಸಿಕೊಂಡು ಬಂದಿದ್ದರು. ನಮ್ಮ ಕಡೆ ಕೆಟ್ಟ ವಾಹನವನ್ನು ಎಲ್ಲರೂ ತರುವುದು ಹೀಗೆಯೇ. ಅವರು ನಲವತ್ತರ ಮೇಲೆ ಹೋಗಲು ಬಿಟ್ಟಿರಲಿಲ್ಲ. ಓಮಲೂರು ದಾಟಿದ ಮೇಲೆ ಕಿರ್ರೆಂಬ ಸದ್ದು ಶುರುವಾಯಿತಂತೆ. ಹಗ್ಗದ ಸದ್ದು ಎಂದುಕೊಂಡರಂತೆ.

"ಮಾದೇಶ ಮತ್ತೆ ಹಳೇ ಬುದ್ಧಿ ತೋರಿಸವ್ನೆ," ಎಂದರು ಚಿನ್ನಪ್ಪ, ಬೆವರು ಒರೆಸಿಕೊಳ್ಳುತ್ತ. "ಸಾವಿ ಆಫ್ ಮಾಡಿ ಇಳಿಸಿ ಇಳಿಸಿ ಒಳಗೆಲ್ಲ ತಿಂದಾಕವ್ನೆ. ನಾಯಿ ಬಾಲ, ತಂಬಿ."

"ಬಿಚ್ಚಿ ನೋಡಿ ಹೇಳ್ತೀನಿ," ಎಂದೆ.

ಮರುದಿನ ಬಿಚ್ಚಿದೆವು. ಮಾದೇಶಣ್ಣ ಸುಟ್ಟಿದ್ದರೆ ಪ್ಲೇಟುಗಳು ಸುಟ್ಟಿರಬೇಕಿತ್ತು. ಪ್ಲೇಟುಗಳು ಹೊಸದರಂತೆ ಇದ್ದವು. ನಾನು ಜೋಡಿಸುವಾಗ ಹಾಕಿದ ಗುರುತು ಕೂಡ ಮಾಸಿರಲಿಲ್ಲ. ಹೋಗಿದ್ದು ಗ್ರಹಚಕ್ರ, ಅಂದರೆ ನಡುವಿನ ಹಲ್ಲುಚಕ್ರದ ಸುತ್ತ ತಿರುಗುವ ಚಿಕ್ಕ ಹಲ್ಲುಚಕ್ರಗಳ ಕೂಟ. ಅವುಗಳ ಪಿನ್ನುಗಳು ಕಾದು ನೀಲಿಯಾಗಿ, ಎರಡು ಪಿನ್ನುಗಳು ಚಕ್ರಕ್ಕೇ ಬೆಸುಗೆಯಾಗಿ ಅಂಟಿಕೊಂಡಿದ್ದವು. ಐದಾರು ಕಿಲೋಮೀಟರಿನ ಇಳಿಜಾರಿನಿಂದ ಹಾಗಾಗುವುದಿಲ್ಲ. ಎರಡು ಮೂರು ಗಂಟೆ ಎಣ್ಣೆಯಿಲ್ಲದೆ ತಿರುಗಿದರೆ ಮಾತ್ರ ಆಗುತ್ತದೆ.

ಚಿನ್ನಪ್ಪ ಸೋಮವಾರ ಬಂದರು. ಪ್ಲೇಟುಗಳನ್ನೂ ಪಿನ್ನುಗಳನ್ನೂ ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದೆ. "ಇದು ಮಾದೇಶಣ್ಣ ಮಾಡಿದ್ದಲ್ಲ. ಹಗ್ಗ ಕಟ್ಟಿ ಎಳೆದದ್ದರಿಂದ ಆಗಿದ್ದು," ಎಂದೆ.

ಅವರು ಪಿನ್ನನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಮತ್ತೆ ಬೆಂಚಿನ ಮೇಲಿಟ್ಟರು.

"ಸರಿ. ಯಾರ್ ಮಾಡಿದ್ರೇನು," ಎಂದರು. "ವಂಡಿ ಓಡ್ಬೇಕು. ಎಷ್ಟು ದಿವ್ಸ ಆಯ್ತದೆ?"

ಚೆನ್ನೈ, ಕೊಯಮತ್ತೂರು, ಬೆಂಗಳೂರು ಮೂರೂ ಕಡೆ ವಿಚಾರಿಸಿದೆ. ಪ್ಲೇಟು ಬೇರೆ ಕಾರುಗಳದೂ ಹೊಂದುತ್ತದೆ; ಗ್ರಹಚಕ್ರ ಆ ನಾಲ್ಕು ಗೇರಿನ ಪೆಟ್ಟಿಗೆಯದೇ ಬೇಕು. ಮೂರು ಗೇರಿನದು ಕೂರುವುದಿಲ್ಲ, ನಾನು ಅಳೆದು ನೋಡಿದೆ. ಸಿಂಗಾಪುರದಿಂದ ತರಿಸಲು ಅಳಿಯ ಅಲ್ಲಿನ ಸ್ನೇಹಿತನಿಗೆ ಬರೆಯುತ್ತೇನೆ ಎಂದಿದ್ದ. ಇತ್ತ ಅದೇ ಎಂಜಿನ್ನಿಗೆ ಹೊಂದುವ, ಕ್ಲಚ್ ಇರುವ ಸಾಧಾರಣ ಗೇರ್‌ಬಾಕ್ಸ್ ಚೆನ್ನೈ ಪೇಟೆಯಲ್ಲಿ ರಾಶಿಯಲ್ಲಿ ಬಿದ್ದಿತ್ತು. ಅದರಲ್ಲಿ ಐದು ಗೇರ್.

"ಅದನ್ನೇ ಆಕಿಬಿಡಿ," ಎಂದರು ಚಿನ್ನಪ್ಪ.

"ಹಾಕಿದ್ರೆ ಮಾದೇಶಣ್ಣ ಓಡಿಸೋಕಾಗಲ್ಲ."

"ಗೊತ್ತು."

"ಸಿಂಗಾಪುರದಿಂದ ಉತ್ತರ ಬರೋತನಕ ಕಾದ್ರೆ..."

"ಸೀಸನ್ ಶುರುವಾಯ್ತದೆ ತಂಬಿ. ರೈಲ್ ಇಳಿದೋರು ನಿನ್ನ ಪೆಟ್ಟಿಗೆಗೆ ಕಾಯ್ತಾರಾ? ಅವನ್ನೇನು ನಾನು ಬೀದಿಗೆ ಬಿಡ್ತೀನಾ? ಕೌಂಟರ್ ಐತೆ, ನೆಳ್ಳೈತೆ, ಫ್ಯಾನೈತೆ. ಕೂತ್ಕಳ್ಳಿ. ಹುಣ್ಣಾದ್ರೂ ವಾಸಿ ಆಯ್ತದೆ."

ಅವರು ಕೆಟ್ಟ ಮನುಷ್ಯರಲ್ಲ. ನಾನು ನಮ್ಮ ವರ್ಕ್‌ಶಾಪಿನ ಮಾಲೀಕರಿಗೆ ಹೇಳಿ ಇನ್ನೊಂದು ವಾರ ಕೆಲಸ ತಡೆದೆ. ಸಿಂಗಾಪುರದ ಉತ್ತರ ಬರಲಿಲ್ಲ. ಕೊನೆಗೆ ಕೆಲಸ ಶುರು ಮಾಡಿದೆವು. ಕ್ಲಚ್ ಪೆಡಲಿಗೆ ಬ್ರಾಕೆಟ್ ಬೆಸೆಯಬೇಕು, ವೈರು ಹಾಯಿಸಲು ತೂತು ಕೊರೆಯಬೇಕು. ಬೆಸುಗೆಯನ್ನು ಮೇಸ್ತ್ರಿಯೇ ಮಾಡಿದರು. ಅವತ್ತು ಅವರು ಯಾರನ್ನೂ ಗೇಲಿ ಮಾಡಲಿಲ್ಲ.

ಮಾರ್ಚ್ 14, ಶನಿವಾರ, ಮಾದೇಶಣ್ಣ ಬಸ್ಸಿನಲ್ಲಿ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನನ್ನನ್ನು ಏನೂ ಕೇಳದೆ ಕಾರಿನ ಬಾಗಿಲು ತೆಗೆದು ಕುಳಿತ, ಎರಡೂ ಕೈಗಳಿಂದ ಎಡಗಾಲನ್ನು ಎತ್ತಿ ಹೊಸ ಪೆಡಲಿನ ಮೇಲೆ ಇಟ್ಟುಕೊಂಡ. ತೊಡೆಯಿಂದ ಒತ್ತಿದ. ಪೆಡಲ್ ಪೂರ್ತಿ ಕೆಳಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ನನಗೆ ಒಂದು ಕ್ಷಣ ಆಸೆ ಹುಟ್ಟಿತು.

"ಒತ್ತಿದೀನಾ ತಂಬಿ?" ಎಂದು ಕೇಳಿದ. ಅವನು ಮುಂದಿನ ಗಾಜನ್ನು ನೋಡುತ್ತಿದ್ದ.

"ಒತ್ತಿದೀರಣ್ಣ. ಪೂರ್ತಿ."

"ಈಗ?"

"ಈಗ್ಲೂ ಒತ್ತಿದೀರಿ."

"ಬಿಟ್ಟೆ ಅನ್ಕಂಡೆ." ಕೈಯಿಂದ ಮೊಣಕಾಲನ್ನು ಮುಟ್ಟಿ ನೋಡಿಕೊಂಡ. "ಕಾಲು ಮೇಲೈತೋ ಕೆಳಗೈತೋ ಗೊತ್ತೇ ಆಗಲ್ಲ. ಇಂಗೆ ಓಡ್ಸಿದ್ರೆ ಇನ್ಯಾರ್ದೋ ಕಾಲ್ ತಗೀತೀನಿ."

ಕಾಲನ್ನು ಎತ್ತಿ ಹೊರಗಿಟ್ಟು ಇಳಿದ. ಆಮೇಲೆ ಬೆಂಚಿನ ಹತ್ತಿರ ಬಂದು, ಬಿಚ್ಚಿಟ್ಟಿದ್ದ ನಾಲ್ಕು ಗೇರಿನ ಪೆಟ್ಟಿಗೆಯನ್ನು ನೋಡಿದ. ಅಂಟಿಕೊಂಡಿದ್ದ ಚಕ್ರವನ್ನು ಬೆರಳಿನಿಂದ ತಿರುಗಿಸಲು ನೋಡಿದ. ಅದು ಅಲುಗಲಿಲ್ಲ.

"ನಾನ್ ಮಾಡಿದ್ದಲ್ಲ, ಅಲ್ವಾ?"

"ಅಲ್ಲಣ್ಣ."

"ಬಾವಂಗೆ ಏಳ್ದಾ?"

"ಹೇಳಿದೆ. ತೋರಿಸಿಯೂ ಹೇಳಿದೆ."

ಅವನು ನಿಟ್ಟುಸಿರು ಬಿಟ್ಟ. ಸಿಟ್ಟೇನೂ ಇರಲಿಲ್ಲ, ನನ್ನ ಬಗ್ಗೆ ಕನಿಕರವೇ ಇದ್ದಂತಿತ್ತು.

"ಏಳ್ಬಾರ್ದಾಗಿತ್ತು ತಂಬಿ. ನಾನೇ ಕೆಡ್ಸಿದ್ದು ಅಂತಿದ್ರೆ ಬಾವ ನಂಗೆ ಚೆನ್ನಾಗಿ ಉಗಿದು, ನಾಲ್ಕ್ ಜನದ ಮುಂದೆ ಬೈದು, ಆಮ್ಯಾಕೆ ಎಂಗಾರ ಮಾಡಿ ಇದನ್ನೇ ರಿಪೇರಿ ಮಾಡ್ಸೋರು. ನಂಗೆ ಬೈಯ್ಯೋದು ಅವರಿಗೆ ಅಬ್ಯಾಸ. ತಾವೇ ಕೆಡ್ಸಿದ್ದು ಅಂತ ಗೊತ್ತಾದ್ಮ್ಯಾಲೆ ಈ ಪೆಟ್ಟಿಗೆ ಮೊಕ ಎಂಗ್ ನೋಡ್ತಾರೆ? ನನ್ ಮೊಕಾನೇ ನೋಡ್ತಿಲ್ಲ."

ಮೇಸ್ತ್ರಿ ಟೀ ತರಿಸಿದರು. ಮಾದೇಶಣ್ಣ ನಿಂತೇ ಕುಡಿದ. ಸೇಲಂನಿಂದ ಧರ್ಮಪುರಿಗೆ ಹೋಗುವ ಬಸ್ಸಿಗೆ ನಾನೇ ಹತ್ತಿಸಿ ಬಂದೆ. ಕಿಟಕಿಯ ಪಕ್ಕದ ಸೀಟು ಖಾಲಿಯಿತ್ತು; ಅವನು ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತ.

ಇದನ್ನು ಬರೆಯುತ್ತಿರುವುದು 1999ರ ಆಗಸ್ಟಿನಲ್ಲಿ. ಕಾರು ಹೊಸ ಡ್ರೈವರನ ಕೈಯಲ್ಲಿ ಐದು ಗೇರಿನಲ್ಲಿ ಓಡುತ್ತಿದೆ. ಕಳೆದ ತಿಂಗಳು ಹೊಗೆನಕಲ್‌ಗೆ ಹೋಗಿದ್ದೆ. ಮಾದೇಶಣ್ಣ ಕೌಂಟರಿನಲ್ಲಿ ಕುಳಿತು ಕೋಣೆಯ ಬೀಗದ ಕೈಗಳನ್ನು ಕೊಡುತ್ತಾನೆ. ಮೈ ಸ್ವಲ್ಪ ಬಂದಿದೆ. ನನಗೆ ಮೀನು ತರಿಸಿಕೊಟ್ಟ, ಮದುವೆ ಯಾವಾಗ ಎಂದು ಕೇಳಿದ, ಗೇರ್ ವಿಷಯ ಎತ್ತಲಿಲ್ಲ. ನಾನು ಅಲ್ಲಿದ್ದಾಗ ಬಿಳಿಯ ಕಾರು ಎರಡು ಸಲ ಬಂದು ಹೋಯಿತು. ಡ್ರೈವರ್ ಕ್ಲಚ್ಚನ್ನು ಅರ್ಧ ಒತ್ತಿಯೇ ಗೇರ್ ಹಾಕಿದ್ದು ಒಳಗೆ ಕೇಳಿಸಿತು. ಮಾದೇಶಣ್ಣ ಹಲ್ಲು ಕಚ್ಚಿದ, ಆದರೆ ಹೊರಗೆ ನೋಡಲಿಲ್ಲ.

ಈ ಕೇಸು ನನಗೆ ಕಲಿಸಿದ್ದು ಇದು. ಯಂತ್ರಕ್ಕೆ ಗೇರ್ ಹೆಚ್ಚಾದಷ್ಟೂ ಓಡಿಸುವವನ ಕೈಗೆ ಕೆಲಸ ಕಡಿಮೆಯಾಗುತ್ತದೆ. ಕೈಗೆ ಕಡಿಮೆಯಾದದ್ದೆಲ್ಲ ಪೆಟ್ಟಿಗೆಯೊಳಗೆ ಕಣ್ಣಿಗೆ ಕಾಣದ ಹಾಗೆ ಹೋಗಿ ಸೇರುತ್ತದೆ. ಆ ಕಾಣದ್ದನ್ನು ಓಡಿಸುವವನಿಗೆ ಒಬ್ಬನಿಗೇ ಕಲಿಸಿದರೆ ಸಾಲದು. ಅದರ ಮಾಲೀಕನಿಗೆ, ದಾರಿಯಲ್ಲಿ ಅದಕ್ಕೆ ಹಗ್ಗ ಕಟ್ಟುವವನಿಗೆ ಕೂಡ ಗೊತ್ತಿರಬೇಕು. ಈಗ ನಮ್ಮಲ್ಲಿಗೆ ಬರುವ ಪ್ರತಿ ಆಟೊಮ್ಯಾಟಿಕ್ ಕಾರಿನ ಮುಂದಿನ ಕೊಕ್ಕೆಗೆ ಒಂದು ತಗಡು ಕಟ್ಟಿ ಕಳಿಸುತ್ತೇನೆ: ಮುಂದಿನ ಚಕ್ರ ನೆಲಕ್ಕೆ ತಾಗಿಸಿ ಎಳೆಯಬೇಡಿ ಎಂದು, ತಮಿಳಿನಲ್ಲಿಯೂ ಕನ್ನಡದಲ್ಲಿಯೂ. ಇನ್ನೊಂದು ವಿಷಯ, ಮಾದೇಶಣ್ಣ ಬೆಂಚಿನ ಹತ್ತಿರ ಹೇಳಿದ್ದು, ಅದಕ್ಕೆ ತಗಡಿಲ್ಲ. ಕೆಟ್ಟದ್ದಕ್ಕೆ ಕಾರಣ ಹೇಳುವುದು ನನ್ನ ಕೆಲಸ. ಕಾರಣ ತಿಳಿದ ಮನುಷ್ಯ ಮುಂದೆ ಏನು ಮಾಡುತ್ತಾನೆ ಎಂಬುದು ಯಾವ ತರಬೇತಿಯಲ್ಲೂ ಬರಲಿಲ್ಲ.

ಆ ನಾಲ್ಕು ಗೇರಿನ ಪೆಟ್ಟಿಗೆಯನ್ನು ಎಣ್ಣೆ ಸವರಿ ನಮ್ಮ ಸ್ಟೋರಿನ ಕೆಳಗಿನ ಹಲಗೆಯಲ್ಲಿ ಇಟ್ಟಿದ್ದೇನೆ. ಪ್ಲೇಟುಗಳು ಇನ್ನೂ ಚೆನ್ನಾಗಿವೆ. ಈ ಬರಹ ಓದುವವರಲ್ಲಿ ಹಳೆಯ ಜಪಾನಿ ಕಾರುಗಳ ಸಾಮಾನು ಮಾರುವವರು ಇದ್ದರೆ, ಸಾವಿರದ ಮುನ್ನೂರು ಸಿಸಿ ಎಂಜಿನ್ನಿನ ನಾಲ್ಕು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆಯೊಂದು, ಮುರಿದದ್ದಾದರೂ ಸರಿ, ಗ್ರಹಚಕ್ರ ಉಳಿದಿರುವುದು, ಕಣ್ಣಿಗೆ ಬಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಅದಿಲ್ಲದಿದ್ದರೆ, ಕಾಲು ಕಳೆದುಕೊಂಡ ಯಾರಾದರೂ ಕೈಯಿಂದ ಒತ್ತುವ ಕ್ಲಚ್ ಮಾಡಿಸಿಕೊಂಡು, ಸಾರಿಗೆ ಕಚೇರಿಯವರ ಒಪ್ಪಿಗೆ ಪಡೆದು ಓಡಿಸುತ್ತಿದ್ದರೆ, ಅದರ ಚಿತ್ರ ಬರೆದು ಕಳಿಸಿ. ಚಿತ್ರ ಚೆನ್ನಾಗಿರದಿದ್ದರೂ ಪರವಾಗಿಲ್ಲ. ಅಳತೆ ಇದ್ದರೆ ಸಾಕು, ಮಿಕ್ಕದ್ದನ್ನು ಮೇಸ್ತ್ರಿ ಮತ್ತು ನಾನು ಮಾಡಿಕೊಳ್ಳುತ್ತೇವೆ.